ಮೂಲಕ್ಕೆ 4 ವಾರ, ಡಬ್ಬಿಂಗಿಗೆ 8

ಎಲ್ಲರಿಗೂ ನಮಸ್ಕಾರ.

‘ದೊಡ್ಡ ಸಿನಿಮಾಗಳ ನಾಳೆ: ಥಿಯೇಟರೋ ಓಟಿಟಿಯೋ’ ಅಂತ ಆಮಂತ್ರಣದಲ್ಲಿ ಅಚ್ಚಾಗಿದೆ. ಅರ್ಧ ಗಂಟೆಯಲ್ಲಿ ಮುಗಿಯುವ ವಿಷಯ ಅಲ್ಲ. ಹಾಗಾಗಿ ನನಗೆ ತುಂಬಾ ಸಂಕಟ ಕೊಡುತ್ತಿರುವ ಸಂಗತಿಯಿಂದಲೇ ಶುರು ಮಾಡುತ್ತೇನೆ.

‘ಕಾಂತಾರ ಚಾಪ್ಟರ್ 1’ 2025ರ ಅಕ್ಟೋಬರ್ 2ಕ್ಕೆ ಬಿಡುಗಡೆ ಆಯಿತು. ನಾಲ್ಕು ವಾರ ಮುಗಿದ ಮರುದಿನ, ಅಕ್ಟೋಬರ್ 31ಕ್ಕೆ, ಕನ್ನಡದ್ದು ಪ್ರೈಮ್ ವಿಡಿಯೋಗೆ ಬಂತು. ತಮಿಳು, ತೆಲುಗು, ಮಲಯಾಳಂ ಕೂಡ ಬಂದವು. ಹಿಂದಿ ಮಾತ್ರ ನವೆಂಬರ್ ಕೊನೆಯವರೆಗೆ ಬರಲಿಲ್ಲ. ಮೊದಲ ‘ಕಾಂತಾರ’ದಲ್ಲೂ ಹೀಗೇ ಆಗಿತ್ತು. ಕನ್ನಡದ್ದು 2022ರ ನವೆಂಬರ್ 24ಕ್ಕೇ ಮೊಬೈಲಿನಲ್ಲಿ, ಹಿಂದಿಯದ್ದು ಡಿಸೆಂಬರ್ 9ಕ್ಕೆ.

ಯಾಕೆ ಹೀಗೆ? ದೊಡ್ಡ ಮಲ್ಟಿಪ್ಲೆಕ್ಸ್ ಕಂಪನಿಗಳದ್ದು ಒಂದು ಷರತ್ತಿದೆ. ಹಿಂದಿ ಸಿನಿಮಾ ಬಿಡುಗಡೆ ಆಗಿ 8 ವಾರ ಓಟಿಟಿಗೆ ಹೋಗಬಾರದು. ಒಪ್ಪದಿದ್ದರೆ ಸ್ಕ್ರೀನ್ ಇಲ್ಲ. 2023ರಲ್ಲಿ ವಿಜಯ್ ಅವರ ತಮಿಳು ಸಿನಿಮಾ ‘ಲಿಯೋ’ 4 ವಾರಕ್ಕೇ ಓಟಿಟಿಗೆ ಕೊಡುವುದಾಗಿ ಒಪ್ಪಿಕೊಂಡಿತ್ತು. ಅದರ ಹಿಂದಿ ಅವತರಣಿಕೆಯನ್ನು ಈ ಕಂಪನಿಗಳು ಹಾಕಲೇ ಇಲ್ಲ. ದಕ್ಷಿಣದ ಭಾಷೆಗಳಿಗೆ ಆ ಪಟ್ಟು ಇಲ್ಲ. ಅಲ್ಲಿ ಎಷ್ಟೋ ದೊಡ್ಡ ಸಿನಿಮಾಗಳನ್ನು ನಾಲ್ಕು ವಾರಕ್ಕೇ ಕೊಟ್ಟುಬಿಡುತ್ತಾರೆ.

ಅಂದರೆ ಮೂಲಕ್ಕೆ 4 ವಾರ, ಡಬ್ಬಿಂಗಿಗೆ 8. ಊರಲ್ಲಿರುವವರಿಗೆ ಇದರ ಬಿಸಿ ಅಷ್ಟು ತಟ್ಟುವುದಿಲ್ಲ. ನಾವು ಮುಂಬಯಿಯವರು, ನಮಗೆ ತಟ್ಟುತ್ತದೆ.

ಇಲ್ಲೇ ಮಾಟುಂಗದ ಹತ್ತಿರ ನಮ್ಮವರದ್ದೇ ಒಂದು ಹೋಟೆಲ್ ಇದೆ. ಕೆಲಸದ ಹುಡುಗರು ಹೆಚ್ಚಿನವರು ಕುಂದಾಪುರ, ಬೈಂದೂರು ಕಡೆಯವರು. ರಾತ್ರಿ ಶಟರ್ ಎಳೆದು, ಗ್ರೈಂಡರ್ ತೊಳೆದು, ಊಟ ಮುಗಿಸುವಾಗ ಹನ್ನೆರಡು ದಾಟಿರುತ್ತದೆ. 2025ರ ನವೆಂಬರಿನಲ್ಲಿ ಒಂದು ರಾತ್ರಿ ನಾನು ಅಲ್ಲಿದ್ದೆ. ರವೆ ಡಬ್ಬಕ್ಕೆ ಒಂದು ಮೊಬೈಲ್ ಒರಗಿಸಿಟ್ಟು, ಅಷ್ಟೂ ಜನ ತಲೆಗೆ ತಲೆ ತಾಗಿಸಿ ಕೂತಿದ್ದರು. ‘ಕಾಂತಾರ ಚಾಪ್ಟರ್ 1’ ಓಡುತ್ತಿತ್ತು. ದೈವದ ಕೂಗು ಬರುವ ಜಾಗ ಅವರಿಗೆ ಆಗಲೇ ಗೊತ್ತಿತ್ತು. ಅದು ಬರುವ ಒಂದು ಕ್ಷಣ ಮೊದಲೇ ಒಬ್ಬ ಹುಡುಗ ಕೈ ಚಾಚಿ ಸೌಂಡ್ ಕಮ್ಮಿ ಮಾಡಿದ. ಮೇಲಿನ ಮಾಳಿಗೆಯಲ್ಲಿ ಮನೆಗಳಿವೆ, ಎಲ್ಲ ಮಲಗಿದ್ದಾರೆ.

ಯೋಚನೆ ಮಾಡಿ. ಇಡೀ ಹಾಲ್ ನಡುಗಲಿ ಅಂತ ಸೌಂಡಿನವರು ತಿಂಗಳುಗಟ್ಟಲೆ ಕೂತು ಕಟ್ಟಿದ ಕೂಗು ಅದು. ದೈವದ ಕೋಲ ನಡೆಯುವ ಗದ್ದೆಯಿಂದಲೇ ಬಂದ ಹುಡುಗ ಅದನ್ನು ಬೆರಳಿನಿಂದ ಅದುಮಿದ.

‘ಥಿಯೇಟರಿಗೆ ಯಾಕೆ ಹೋಗಲಿಲ್ಲ?’ ಅಂತ ಕೇಳಿದೆ. ಅಡುಗೆ ಭಟ್ಟರು ಲೆಕ್ಕ ಒಪ್ಪಿಸಿದರು. ಅವರ ರಜೆ ಬುಧವಾರ. ಮೊದಲ ಬುಧವಾರ ಯಾರ ಕೈಯಲ್ಲೂ ಪಗಾರ ಇರಲಿಲ್ಲ. ಆಮೇಲೆ ಹತ್ತಿರದಲ್ಲಿ ಇದ್ದದ್ದೆಲ್ಲ ಹಿಂದಿ ಶೋ. ಕನ್ನಡದ್ದು ದೂರದಲ್ಲಿ, ಅದೂ ಲಾಸ್ಟ್ ಲೋಕಲ್ ತಪ್ಪುವ ಹೊತ್ತಿಗೆ ಬಿಡುವ ಶೋ. ಅಷ್ಟರಲ್ಲಿ ಮೊಬೈಲಿಗೇ ಬಂತು. ಆದರೂ ದೊಡ್ಡ ಪರದೆಯ ಆಸೆ ಬಿಡದೆ ಮುಂದಿನ ಬುಧವಾರ ಹಿಂದಿಯದ್ದೇ ನೋಡಿ ಬಂದರು. ‘ಹೇಗಿತ್ತು ಭಟ್ರೇ?’ ಅಂದೆ. ‘ಪರದೆ ದೊಡ್ಡದಿತ್ತ್ ಮಾರಾಯ್ರೆ. ಆದ್ರೆ ದೈವ ಹಿಂದಿ ಮಾತಾಡ್ತ್!’ ಅಂದರು.

ನೀವು ನಗುತ್ತೀರಿ, ಅವರೂ ನಗುತ್ತಲೇ ಹೇಳಿದರು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಎಲ್ಲದರ ಬೇರು ಅಲ್ಲಿದೆ. 2009ರಲ್ಲಿ ಹಿಂದಿ ನಿರ್ಮಾಪಕರು ಮಲ್ಟಿಪ್ಲೆಕ್ಸ್‌ಗಳ ವಿರುದ್ಧ ಮುಷ್ಕರ ಹೂಡಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಕೊನೆಗೆ ಆದ ಒಪ್ಪಂದ ಹೀಗೆ: ನಿರ್ಮಾಪಕ-ವಿತರಕರ ಪಾಲು ಮೊದಲ ವಾರ ಶೇ 50, ಎರಡನೇ ವಾರ 42.5, ಮೂರನೇ ವಾರ 37.5, ಆಮೇಲೆ 30. ವಾರ ಕಳೆದಂತೆ ನಿರ್ಮಾಪಕರ ಪಾಲು ಇಳಿಯುತ್ತದೆ, ಥಿಯೇಟರಿನದ್ದು ಏರುತ್ತದೆ. ಹಾಗಾದರೆ ನಿರ್ಮಾಪಕ ಏನು ಮಾಡುತ್ತಾನೆ? ಮೊದಲ ಮೂರು ದಿನಕ್ಕೆ ಸಿಕ್ಕಷ್ಟೂ ಸ್ಕ್ರೀನ್ ತುಂಬುತ್ತಾನೆ. ಉಳಿದದ್ದನ್ನು ಓಟಿಟಿಗೆ ಮಾರುತ್ತಾನೆ. ಬೇಗ ಕೊಟ್ಟರೆ ಬೆಲೆ ಜಾಸ್ತಿ. ಐದನೇ ವಾರಕ್ಕೆ ಬರುವ ಪ್ರೇಕ್ಷಕ ಅವನ ಲೆಕ್ಕದಲ್ಲೇ ಇಲ್ಲ. ಆ ಐದನೇ ವಾರದವರು ಯಾರು? ಪಗಾರಕ್ಕೆ, ರಜೆಗೆ, ಕನ್ನಡ ಶೋಗೆ ಕಾಯುವ ನಮ್ಮವರೇ ಅಲ್ವಾ?

ಓಟಿಟಿಯನ್ನು ನಾನು ಬೈಯುತ್ತಿಲ್ಲ. 2020ರ ಜುಲೈನಲ್ಲಿ ಥಿಯೇಟರಿಗೆಲ್ಲ ಬೀಗ ಬಿದ್ದಿದ್ದಾಗ ಪುನೀತ್ ಅವರ ಪಿಆರ್‌ಕೆ ಸಂಸ್ಥೆಯ ‘ಲಾ’, ‘ಫ್ರೆಂಚ್ ಬಿರಿಯಾನಿ’ ನೇರವಾಗಿ ಪ್ರೈಮ್‌ಗೆ ಬಂದವು. ನಾವು ಮನೆಯಲ್ಲಿ ಕೂತು ಕನ್ನಡ ನೋಡಿದೆವು. ಆದರೆ ಆ ಕೈ ಸದಾ ಚಾಚಿರಲಿಲ್ಲ. ರಕ್ಷಿತ್ ಶೆಟ್ಟಿಯವರು ‘ಏಕಂ’ ಸರಣಿಯನ್ನು ಯಾವ ಓಟಿಟಿಯೂ ಕೊಳ್ಳದೆ 2024ರಲ್ಲಿ ಸ್ವಂತ ವೆಬ್‌ಸೈಟಿನಲ್ಲಿ ಬಿಡಬೇಕಾಯಿತು. ಕನ್ನಡಕ್ಕೆ ಓಟಿಟಿಯಲ್ಲಿ ಬೆಲೆ ಬರುವುದೇ ಥಿಯೇಟರಿನಲ್ಲಿ ಗೆದ್ದ ಮೇಲೆ. ಥಿಯೇಟರಿನ ದಿನಗಳನ್ನೇ ಕಡಿಮೆ ಮಾಡಿದರೆ ಗೆಲ್ಲುವುದೆಲ್ಲಿ?

‘ಸು ಫ್ರಮ್ ಸೋ’ ನೋಡಿ. 2025ರ ಜುಲೈ 25ಕ್ಕೆ ಬಂತು. ದೊಡ್ಡ ಸ್ಟಾರ್ ಇಲ್ಲ, ದೊಡ್ಡ ಬಜೆಟ್ ಇಲ್ಲ. ನೋಡಿದವರು ನೋಡದವರಿಗೆ ಹೇಳಿದರು, ಶೋ ಏರುತ್ತಾ ಹೋದವು. ಓಟಿಟಿಗೆ ಬಂದಿದ್ದು ಸೆಪ್ಟೆಂಬರ್ 9ಕ್ಕೆ, ಆರು ವಾರ ದಾಟಿದ ಮೇಲೆ. ಬಾಯಿಂದ ಬಾಯಿಗೆ ಹೋಗುವ ಸುದ್ದಿಗೆ ಅಷ್ಟು ದಿನ ಬೇಕು. ದೊಡ್ಡ ಸಿನಿಮಾ ಅಂದರೆ ಬರೀ ದೊಡ್ಡ ಬಂಡವಾಳ ಅಲ್ಲ, ಹೀಗೆ ಬೆಳೆದದ್ದೂ ದೊಡ್ಡದೇ.

ಚೀಟಿ ಬಂತು, ಐದು ನಿಮಿಷ ಅಂತೆ. ಟಿಕೆಟ್ ದರದ ಬಗ್ಗೆ ಜಾಸ್ತಿ ಹೇಳಬೇಕಿತ್ತು. ಕರ್ನಾಟಕ ಸರ್ಕಾರ 2025ರಲ್ಲಿ 200 ರೂಪಾಯಿ ಮಿತಿ ತಂದಿತು, ಹೈಕೋರ್ಟ್ ತಡೆ ಕೊಟ್ಟಿತು. ನಮ್ಮ ಕಿಂಗ್ಸ್ ಸರ್ಕಲ್‌ನ ಅರೋರಾದಂಥ ಒಂಟಿ ಪರದೆಯ ಟಾಕೀಸುಗಳ ಮಾತು ಬೇರೆಯೇ ಒಂದು ಉಪನ್ಯಾಸ. ಬಿಡೋಣ.

ನಿರ್ಮಾಪಕರಿಗೆ ಒಂದೇ ಮನವಿ. ಓಟಿಟಿ ಕರಾರಿಗೆ ಸಹಿ ಹಾಕುವಾಗ ಕನ್ನಡಕ್ಕೂ 8 ವಾರ ಬರೆಸಿಕೊಳ್ಳಿ. ಸ್ವಲ್ಪ ದುಡ್ಡು ಕಮ್ಮಿ ಬರಬಹುದು. ಮೂಲಕ್ಕೆ 4, ಡಬ್ಬಿಂಗಿಗೆ 8 ಅನ್ನುವುದು ಮಾತ್ರ ನಿಲ್ಲಲಿ.

ಹೋಟೆಲ್ ಮಾಲೀಕರು ಮುಂದಿನ ಸಾಲಿನಲ್ಲೇ ಇದ್ದೀರಿ. ಹಾಲ್ ತುಂಬಿಸುತ್ತೇವೆ ಅಂದರೆ ಕನ್ನಡ ಶೋ ಹಾಕಲು ಮಲ್ಟಿಪ್ಲೆಕ್ಸಿನವರಿಗೆ ಅಡ್ಡಿ ಏನಿದೆ? ಮುಂದಿನ ದೊಡ್ಡ ಕನ್ನಡ ಸಿನಿಮಾಕ್ಕೆ ಒಂದು ಬುಧವಾರದ ಶೋ ಪೂರ್ತಿ ಹಿಡಿಯೋಣ, ಲೋಕಲ್ ಸಿಗುವ ಹೊತ್ತಿನದ್ದು. ನಿಮ್ಮಲ್ಲಿ ಎಷ್ಟು ಹುಡುಗರು ಬರುತ್ತಾರೆ ಅಂತ ಚಹಾ ಕುಡಿಯುವಾಗ ಬರೆಸಿ. ಟಿಕೆಟ್ ದರದ ಪ್ರಶ್ನೆ ಇರುವವರೂ ಅಲ್ಲಿಗೇ ಬನ್ನಿ.