ತರಬೇತುದಾರರ ಕುರ್ಚಿ ಅಲುಗಿಸಿದ ದ್ವೀಪಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ವಿಶ್ವಕಪ್ ಫುಟ್‌ಬಾಲ್‌ನ ಪ್ರಧಾನ ಸುತ್ತಿಗೆ ಒಮ್ಮೆಯೂ ಹೋಗದ, ಯುರೋಪ್ ದೇಶಗಳ ಯೂರೋ ಕಪ್ಪಿನ ಅಂಗಳವನ್ನೂ ತುಳಿಯದ ತಂಡಕ್ಕೆ ಎಂಥ ಚರಿತ್ರೆ ಎಂದು ನೀವು ಕೇಳಬಹುದು. ಫೆರೋ ದ್ವೀಪಗಳ ತಂಡದ ಚರಿತ್ರೆಯನ್ನು ಅದರ ಸ್ವಂತ ದಾಖಲೆ ಪುಸ್ತಕದಲ್ಲಿ ಹುಡುಕಬಾರದು. ಎದುರಾಳಿ ತಂಡಗಳ ತರಬೇತುದಾರರಿಗೆ ಏನಾಯಿತು ಎಂದು ನೋಡಬೇಕು.

ಸ್ಕಾಟ್ಲೆಂಡಿಗೂ ಐಸ್‌ಲೆಂಡಿಗೂ ನಡುವೆ, ಉತ್ತರ ಅಟ್ಲಾಂಟಿಕ್‌ನ ಗಾಳಿಗೆ ಮೈಯೊಡ್ಡಿ ನಿಂತ 18 ದ್ವೀಪಗಳು ಇವು. ಡೆನ್ಮಾರ್ಕ್ ದೊರೆತನದ ಕೆಳಗಿದ್ದರೂ ಸ್ವಂತ ಭಾಷೆ, ಸ್ವಂತ ಸಂಸತ್ತು, ಸ್ವಂತ ತಂಡ. ಬದುಕು ಬಹುಪಾಲು ಮೀನಿನ ಮೇಲೆ. ಜನಸಂಖ್ಯೆ ಇಂದಿಗೂ ಸುಮಾರು 55 ಸಾವಿರ. ಎಲ್ಲರನ್ನೂ ಒಂದೇ ದೊಡ್ಡ ಕ್ರೀಡಾಂಗಣದಲ್ಲಿ ಕೂರಿಸಿದರೂ ಜಾಗ ಮಿಕ್ಕೀತು. ಜಾಗತಿಕ ಫುಟ್‌ಬಾಲ್ ಸಂಸ್ಥೆ ಫಿಫಾದ ಸದಸ್ಯತ್ವ ಸಿಕ್ಕಿದ್ದು 1988ರಲ್ಲಿ, ಯುರೋಪಿನ ಫುಟ್‌ಬಾಲ್ ಒಕ್ಕೂಟದ್ದು 1990ರಲ್ಲಿ.

ಅದೇ 1990ರ ಸೆಪ್ಟೆಂಬರ್ 12ರಂದು ಅವರ ಮೊದಲ ಅಧಿಕೃತ ಸ್ಪರ್ಧಾ ಪಂದ್ಯ. ಎದುರಾಳಿ ಆಸ್ಟ್ರಿಯಾ, ಕೆಲವೇ ತಿಂಗಳ ಹಿಂದೆ ಇಟಲಿಯಲ್ಲಿ ವಿಶ್ವಕಪ್ ಆಡಿ ಬಂದಿದ್ದ ತಂಡ. ಪಂದ್ಯ ಫೆರೋದಲ್ಲಿ ನಡೆಯಬೇಕಿತ್ತು, ಆದರೆ ಅಲ್ಲಿ ಹುಲ್ಲಿನ ಮೈದಾನವೇ ಇರಲಿಲ್ಲ. ಹಾಗಾಗಿ ಆತಿಥೇಯರೇ ಗಂಟುಮೂಟೆ ಕಟ್ಟಿಕೊಂಡು ಸ್ವೀಡನ್ನಿನ ಲಾಂಡ್ಸ್‌ಕ್ರೋನಾ ಎಂಬ ಊರಿಗೆ ಹೋದರು.

ಅವರ ಗೋಲ್‌ಕೀಪರ್ ಯೆನ್ಸ್ ಮಾರ್ಟಿನ್ ಕ್ನುಡ್ಸೆನ್ ಅಂಗಳಕ್ಕಿಳಿದದ್ದು ಬಿಳಿಯ ಉಣ್ಣೆ ಟೋಪಿ ಹಾಕಿಕೊಂಡು. ಟೋಪಿಯ ತುದಿಗೆ ಒಂದು ಗೊಂಡೆ ಬೇರೆ. ಚಿಕ್ಕಂದಿನಲ್ಲಿ ಆಟದಲ್ಲಿ ತಲೆಗೆ ಪೆಟ್ಟು ಬಿದ್ದಿದ್ದರಿಂದ ಹತ್ತಿದ ಅಭ್ಯಾಸ ಅದು. ಹಾರಿ ಚೆಂಡು ಹಿಡಿದಾಗಲೆಲ್ಲ ಗೊಂಡೆಯೂ ಜೊತೆಗೆ ಹಾರುತ್ತಿತ್ತು. ದ್ವಿತೀಯಾರ್ಧದಲ್ಲಿ ಟೋರ್ಕಿಲ್ ನೀಲ್ಸೆನ್ ರಕ್ಷಣಾ ಆಟಗಾರರನ್ನು ದಾಟಿ ನುಗ್ಗಿ ಗೋಲು ಹೊಡೆದ. ಈತ ಹೊಟ್ಟೆಪಾಡಿಗೆ ಮರಮುಟ್ಟು ಮಾರುವವ, ಮೇಲಾಗಿ ಆ ದ್ವೀಪಗಳ ಚೆಸ್ ಚಾಂಪಿಯನ್ನನೂ ಆಗಿದ್ದವ. ಉಳಿದ ಸುಮಾರು ಅರ್ಧ ಗಂಟೆ ಆಸ್ಟ್ರಿಯಾ ಎಷ್ಟು ಮುತ್ತಿಗೆ ಹಾಕಿದರೂ ಟೋಪಿಯವನು ಜಗ್ಗಲಿಲ್ಲ. 1-0. ಆಸ್ಟ್ರಿಯಾದ ತರಬೇತುದಾರ ಯೋಸೆಫ್ ಹಿಕರ್ಸ್‌ಬರ್ಗರ್ ಹುದ್ದೆ ಬಿಟ್ಟರು. ಮುಂದೆ ಅವರನ್ನೇ ಮತ್ತೆ ಕರೆಸಿಕೊಂಡು 2008ರ ಯೂರೋ ಕಪ್ಪಿಗೆ ತಂಡ ಒಪ್ಪಿಸಿದರು ಎನ್ನುವುದೂ ನಿಜ.

ಇದನ್ನು ಪವಾಡ ಎಂದು ಬರೆದವರೇ ಹೆಚ್ಚು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಪವಾಡ ಎಂದುಬಿಟ್ಟರೆ ಮಾಡಿದವರ ದುಡಿಮೆಗೆ ಲೆಕ್ಕವೇ ಸಿಗುವುದಿಲ್ಲ. ಆ ಗೆಲುವಿನ ಬೆನ್ನಿಗೇ ಟೋಫ್ಟಿರ್ ಎಂಬ ಹಳ್ಳಿಯ ಮೇಲಿನ ಗುಡ್ಡದಲ್ಲಿ ಬಂಡೆ ಒಡೆದು, ನೆಲ ಸಮ ಮಾಡಿ, ಹುಲ್ಲು ಬೆಳೆಸಿ ಮೈದಾನ ಮಾಡಿದರು. ಮುಂದೆ ದೊಡ್ಡ ದೊಡ್ಡ ತಂಡಗಳು ಆ ಗುಡ್ಡ ಹತ್ತಲೇಬೇಕಾಯಿತು. 2002ರಲ್ಲಿ ಅಲ್ಲಿಗೆ ಬಂದ ಸ್ಕಾಟ್ಲೆಂಡ್ ಮಧ್ಯಂತರದ ಹೊತ್ತಿಗೆ 0-2ರಿಂದ ಹಿಂದಿತ್ತು. ಕೊನೆಗೆ ಹೇಗೋ 2-2 ಮಾಡಿಕೊಂಡು ಮಾನ ಉಳಿಸಿಕೊಂಡಿತು. ಮರುವರ್ಷ ರಾಜಧಾನಿ ಟೋರ್ಸ್‌ಹಾವ್ನ್‌ನಲ್ಲಿ ಜರ್ಮನಿಗೆ, ಹಿಂದಿನ ವಿಶ್ವಕಪ್ಪಿನ ಫೈನಲ್ ಆಡಿದ್ದ ಜರ್ಮನಿಗೆ, ಕೊನೆಯ ನಿಮಿಷಗಳವರೆಗೂ ಒಂದು ಗೋಲು ದಕ್ಕಲಿಲ್ಲ. ನಡುವೆ ಏಳು, ಎಂಟು ಗೋಲು ಬಿಟ್ಟುಕೊಟ್ಟು ಸೋತದ್ದೂ ಉಂಟು. ಅದನ್ನು ಮುಚ್ಚಿಡುವುದೇಕೆ?

2014ರ ನವೆಂಬರ್‌ನಲ್ಲಿ ಗ್ರೀಸ್‌ನ ಸರದಿ. ಫಿಫಾ ಶ್ರೇಯಾಂಕ ಪಟ್ಟಿಯಲ್ಲಿ ಗ್ರೀಸ್ 18ನೆಯದು, ಫೆರೋ 187ನೆಯದು. ಗ್ರೀಕರ ನೆಲದಲ್ಲೇ ಯೋವಾನ್ ಸಿಮುನ್ ಎಡ್ಮುಂಡ್ಸನ್ ಹೊಡೆದ ಒಂದೇ ಗೋಲಿನಿಂದ ಫೆರೋ ಗೆದ್ದಿತು. ಮರುದಿನವೇ ತರಬೇತುದಾರ ಕ್ಲೌಡಿಯೊ ರನಿಯೆರಿಗೆ ಮನೆಯ ದಾರಿ. ಅದೇ ರನಿಯೆರಿ ಒಂದೂವರೆ ವರ್ಷದಲ್ಲಿ ಲೆಸ್ಟರ್ ಸಿಟಿಗೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದುಕೊಟ್ಟರು! ಇತ್ತ ಗ್ರೀಸ್ 2015ರ ಜೂನ್‌ನಲ್ಲಿ ಟೋರ್ಸ್‌ಹಾವ್ನ್‌ಗೆ ಹೋಗಿ ಮತ್ತೊಮ್ಮೆ ಸೋತು ಬಂತು.

ಕ್ಲಬ್ಬುಗಳೂ ಹಿಂದೆ ಬೀಳಲಿಲ್ಲ. 2023ರಲ್ಲಿ ಫೆರೋದ ಕ್ಲಾಕ್ಸ್‌ವೀಕ್ ಊರಿನ ಕ್ಲಬ್ಬು ಬುಡಾಪೆಸ್ಟ್‌ನಲ್ಲಿ ಹಂಗೇರಿಯ ಫೆರೆನ್ಸ್‌ವಾರೋಸ್ ತಂಡವನ್ನು 3-0ರಿಂದ ಸೋಲಿಸಿತು. ಅಲ್ಲೂ ತರಬೇತುದಾರ ಸ್ಟಾನಿಸ್ಲಾವ್ ಚೆರ್ಚೆಸೊವ್ ಕೆಲಸ ಕಳೆದುಕೊಂಡರು. 2018ರ ವಿಶ್ವಕಪ್ಪಿನಲ್ಲಿ ರಷ್ಯಾ ತಂಡಕ್ಕೆ ಗುರುವಾಗಿದ್ದವರು ಅವರು.

2025ರ ಅಕ್ಟೋಬರ್‌ನ ಮಾತು ಹೇಳಿದರೆ ನನ್ನ ಪಟ್ಟಿ ಮುಗಿಯುತ್ತದೆ. ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಫೆರೋ ಮೊದಲು ಮಾಂಟೆನೆಗ್ರೊವನ್ನು 4-0ರಿಂದ, ಮೂರೇ ದಿನಗಳಲ್ಲಿ ಜೆಕ್ ಗಣರಾಜ್ಯವನ್ನು 2-1ರಿಂದ ಮಣಿಸಿತು. ಜೆಕ್ ತರಬೇತುದಾರ ಇವಾನ್ ಹಾಶೆಕ್ ಅವರನ್ನು ಆ ವಾರವೇ ಕಳಿಸಿಕೊಟ್ಟರು. ಈ ಗೆಲುವುಗಳಿಂದ ಫೆರೋ ಕೈಯಲ್ಲಿ 12 ಅಂಕ, ಎದುರಿಗೆ ಕ್ರೊವೇಷಿಯಾ ಜೊತೆಗಿನ ಒಂದೇ ಪಂದ್ಯ. ನವೆಂಬರ್‌ನಲ್ಲಿ ರಿಯೇಕಾ ನಗರದಲ್ಲಿ ಮೊದಲ ಗೋಲು ಹೊಡೆದದ್ದೂ ಫೆರೋ ತಂಡವೇ. ಆಮೇಲೆ ಕ್ರೊವೇಷಿಯಾ ಮೂರು ಗೋಲು ಹೊಡೆದು ವಿಶ್ವಕಪ್ಪಿನ ಬಾಗಿಲು ಮುಚ್ಚಿತು. ಈ ಸಲ ಯಾವ ತರಬೇತುದಾರನ ಕುರ್ಚಿಯೂ ಹೋಗಲಿಲ್ಲ.

ನಮಸ್ಕಾರ.