ಕೆಂಪು ಕಲ್ಲಿನ ಊರಿನಲ್ಲಿ ಒಂದು ದಿನ

ಕೇಳುಗರಿಗೆ ನಮಸ್ಕಾರ.

ಬೀದರನ್ನು ನಾನು ಮೊದಲು ಕಂಡದ್ದು ಶಾಲೆಯ ಪ್ರವಾಸದಲ್ಲಿ. ಅಂದಿನ ನೆನಪಿನಲ್ಲಿ ಉಳಿದಿರುವುದು ಬಸ್ಸಿನಲ್ಲಿ ಆಡಿದ ಅಂತ್ಯಾಕ್ಷರಿ ಮತ್ತು ಅವ್ವ ಕಟ್ಟಿಕೊಟ್ಟ ಬುತ್ತಿ ಮಾತ್ರ. ಕೋಟೆ ಹೇಗಿತ್ತೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಆದ್ದರಿಂದ ಈ ಸಲ ಯಾರನ್ನೂ ಜೊತೆಗೆ ಕರೆಯದೆ, ಕಲಬುರಗಿಯಲ್ಲಿ ಬೆಳಗಿನ ರೈಲು ಹತ್ತಿದೆ. 2017ರಲ್ಲಿ ಈ ಮಾರ್ಗ ಪೂರ್ತಿಯಾದ ಮೇಲೆ ಹೋಗಿ ಬರುವುದು ನಮ್ಮ ಭಾಗದವರಿಗೆ ಸಲೀಸಾಗಿದೆ.

ಕೋಟೆಯ ದಕ್ಷಿಣದ ಕಡೆಯ ಕಂದಕದ ಬಳಿಯೇ ನಾನು ಒಂದು ಗಂಟೆ ಕಳೆದೆ. ಅದು ಒಂದೇ ಕಂದಕವಲ್ಲ. ಬಂಡೆಯನ್ನು ಕಡಿಯುವಾಗ ನಡುವೆ ಎರಡು ಗೋಡೆಗಳನ್ನು ಹಾಗೆಯೇ ಉಳಿಸಿ, ಒಂದರ ಹಿಂದೆ ಒಂದರಂತೆ ಮೂರು ಕಾಲುವೆಗಳನ್ನು ಮಾಡಿದ್ದಾರೆ. ಕಟ್ಟಿದ ಗೋಡೆಯಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಸಂದು ಕಾಣುತ್ತದೆ. ಇಲ್ಲಿ ಸಂದೇ ಇಲ್ಲ. ಜಂಬಿಟ್ಟಿಗೆ ಎಂದು ಕರೆಯುವ ಈ ಕೆಂಪು ಕಲ್ಲು ನೆಲದಲ್ಲಿರುವಾಗ ಮೆತ್ತಗಿದ್ದು, ಗಾಳಿ ತಗುಲಿದ ಮೇಲೆ ಗಟ್ಟಿಯಾಗುತ್ತದೆ. 15ನೆಯ ಶತಮಾನದ ಮೊದಲ ಭಾಗದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹ ತನ್ನ ರಾಜಧಾನಿಯನ್ನು ನಮ್ಮ ಕಲಬುರಗಿಯಿಂದ ಇಲ್ಲಿಗೆ ಸಾಗಿಸಿದ್ದಕ್ಕೆ ಇತಿಹಾಸಕಾರರು ಹಲವು ಕಾರಣಗಳನ್ನು ಕೊಡುತ್ತಾರೆ. ಕಂದಕದ ಅಂಚಿನಲ್ಲಿ ಕುಳಿತಿದ್ದ ನನಗೆ ಈ ಕಲ್ಲೂ ಒಂದು ಕಾರಣವಾಗಿರಬೇಕು ಅನ್ನಿಸಿತು. ಕಲಬುರಗಿಯವಳಾದ್ದರಿಂದ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ನೀರಿನ ಲೆಕ್ಕವೂ ಈ ಕಲ್ಲಿನದೇ. ಮಳೆಯ ನೀರು ಸಣ್ಣ ಸಣ್ಣ ರಂಧ್ರಗಳಿರುವ ಕೆಂಪು ಕಲ್ಲಿನೊಳಗೆ ಇಳಿದು, ಅಡಿಯಲ್ಲಿರುವ ಗಟ್ಟಿ ಕರಿಕಲ್ಲನ್ನು ದಾಟಲಾರದೆ, ಎರಡೂ ಸೇರುವ ಅಂಚಿನಲ್ಲಿ ಹರಿದು ಝರಿಯಾಗಿ ಹೊರಬರುತ್ತದೆ. ಗುರುನಾನಕರ ಹೆಸರಿನ ಝೀರಾ ಸಾಹೇಬ್ ಗುರುದ್ವಾರದ ಝರಿ, ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಪಡೆಯುವ ನರಸಿಂಹ ಝರಣಿ, ಇವೆಲ್ಲವೂ ಇಂಥ ನೀರೇ. ಬಹಮನಿ ಕಾಲದಲ್ಲಿ ಇರಾನಿನ ಪದ್ಧತಿಯಂತೆ ನೆಲದೊಳಗೆ ಸುರಂಗ ಕೊರೆದು ಈ ನೀರನ್ನೇ ಊರಿಗೆ ತಂದರು. ನೌಬಾದಿನ ಬಳಿ, ಕಾರೇಜ್ ಎಂದು ಕರೆಯುವ ಆ ಸುರಂಗದ ಬಾವಿಗಳು ಇಂದಿಗೂ ಸಾಲಾಗಿ ಕಾಣುತ್ತವೆ.

ಕೋಟೆಯೊಳಗಿನ ಅರಮನೆ ರಂಗೀನ್ ಮಹಲಿಗೆ ಬೀಗ ಹಾಕಿತ್ತು. ಮರಳಿ ಹೊರಟಿದ್ದೆ. ಅಷ್ಟರಲ್ಲಿ ಕಾವಲಿನ ಹಿರಿಯರೊಬ್ಬರು, “ಅಕ್ಕಾರ, ಒಬ್ಬರೇ ಬಂದೀರೇನ್ರಿ? ತಡೀರಿ, ಕೀಲಿ ತರ್ತೀನಿ” ಎಂದರು. ಗುಂಪಿನಲ್ಲಿ ಬಂದಿದ್ದರೆ ಅವರಿಗಾಗಿ ಕಾಯುವ ತಾಳ್ಮೆ ಯಾರಿಗಿರುತ್ತಿತ್ತೋ ಕಾಣೆ. ಬಹಮನಿಗಳ ನಂತರ ಬೀದರನ್ನು ಆಳಿದ ಬರೀದ್ ಶಾಹಿ ಮನೆತನದ ಅಲಿ ಬರೀದ್ ಶಾಹ 16ನೆಯ ಶತಮಾನದಲ್ಲಿ ಚಂದಗಾಣಿಸಿದ ಈ ಮಹಲಿನಲ್ಲಿ, ಬಾಗಿಲ ಸುತ್ತಲಿನ ಕರಿಕಲ್ಲನ್ನು ಕೂದಲೆಳೆಯಷ್ಟು ನವಿರಾಗಿ ಕೊರೆದು ಅದರೊಳಗೆ ಮುತ್ತಿನ ಚಿಪ್ಪನ್ನು ಕೂರಿಸಿದ್ದಾರೆ. ಹಿರಿಯರು ಬಾಗಿಲನ್ನು ಇನ್ನಷ್ಟು ತೆರೆದು ಬೆಳಕು ಬಿಟ್ಟಾಗ ಬಳ್ಳಿಯೊಂದು ಒಮ್ಮೆ ಗುಲಾಬಿಯಾಗಿ, ಒಮ್ಮೆ ಹಸಿರಾಗಿ ಮಿನುಗಿತು. ಅಲ್ಲಲ್ಲಿ ಚಿಪ್ಪು ಉದುರಿ, ಖಾಲಿ ಗೀರು ಮಾತ್ರ ಉಳಿದಿದೆ.

ಮಧ್ಯಾಹ್ನ ಜೋಳದ ರೊಟ್ಟಿ ಉಂಡು ಮಹಮೂದ್ ಗಾವಾನನ ಮದರಸಾಕ್ಕೆ ಹೋದೆ. ಇರಾನಿನ ಗೀಲಾನಿನಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗಾವಾನ ಇದನ್ನು 1472ರಲ್ಲಿ ಕಟ್ಟಿಸಿದ. 1481ರಲ್ಲಿ, ದ್ವೇಷಿಗಳು ಸೃಷ್ಟಿಸಿದ ಸುಳ್ಳು ಪತ್ರವನ್ನು ನಂಬಿದ ಸುಲ್ತಾನ ಅವನ ತಲೆ ತೆಗೆಸಿದ. 17ನೆಯ ಶತಮಾನದ ಕೊನೆಯಲ್ಲಿ ಒಳಗಿಟ್ಟಿದ್ದ ಸಿಡಿಮದ್ದು ಸಿಡಿದು ಕಟ್ಟಡದ ಒಂದು ಭಾಗವೇ ಕುಸಿಯಿತೆನ್ನುತ್ತಾರೆ. ಈಗ ನಿಂತಿರುವುದು ಒಂದೇ ಮಿನಾರು. ಅದರ ಮೈಮೇಲೆ ನೀಲಿ ಹೆಂಚುಗಳು ಅಲ್ಲೊಂದು ಇಲ್ಲೊಂದು ಉಳಿದಿವೆ.

ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಗೋರಿಗಳ ಗುಮ್ಮಟಗಳಿಗೆ ಇನ್ನೊಂದು ದಿನವೇ ಬೇಕೆಂದು ಬಿಟ್ಟು, ಸಂಜೆ ಊರ ನಡುವಿನ ಹಳೆಯ ಕಾವಲು ಗೋಪುರವಾದ ಚೌಬಾರಾದ ಹತ್ತಿರ ಬಿದ್ರಿ ಕೆಲಸದ ಒಂದು ಅಂಗಡಿಯಲ್ಲಿ ಕುಳಿತೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಗೆ ಮೈಲುತುತ್ತದ ನೀರು ಸವರಿ, ಕಪ್ಪಾದ ಮೈಮೇಲೆ ಚಿತ್ರ ಬರೆದು, ಉಳಿಯಿಂದ ಕೊರೆದು, ಬೆಳ್ಳಿಯ ತಂತಿಯನ್ನು ತಟ್ಟಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣನ್ನು ನವಸಾಗರವೆಂಬ ಉಪ್ಪಿನೊಂದಿಗೆ ನೀರಿನಲ್ಲಿ ಕುದಿಸಿ ಪಾತ್ರೆಗೆ ಉಜ್ಜಿದಾಗ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಬೆಳಿಗ್ಗೆ ರಂಗೀನ್ ಮಹಲಿನಲ್ಲಿ ಕಂಡ ಕಪ್ಪು–ಬಿಳಿಯ ರುಚಿಯೇ ಇದು ಎಂದು ನನಗೆ ಹೊಳೆದದ್ದು ಆಗ. 2006ರಲ್ಲಿ ಈ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ.

ಬಿಸಿಲು, ಮಳೆ ಕಾಣದ ಜಾಗದ ಮಣ್ಣೇ ಆಗಬೇಕು ಎಂದ ಕುಶಲಕರ್ಮಿ, ಚಿಟಿಕೆ ಮಣ್ಣನ್ನು ನಾಲಿಗೆಯ ತುದಿಗಿಟ್ಟು ಪರೀಕ್ಷಿಸಿ, “ನೋಡ್ರಿ ಅಕ್ಕಾರ” ಎಂದು ನನ್ನ ಅಂಗೈಗೂ ಒಂದಿಷ್ಟು ಹಾಕಿದರು. ನಾನೂ ನಾಲಿಗೆಗೆ ಇಟ್ಟುಕೊಂಡೆ. ನನಗೆ ಅದು ಬರೀ ಮಣ್ಣಿನಂತೆಯೇ ಇತ್ತು. ಅವರು ನಕ್ಕು, ಮತ್ತೆ ಉಳಿ ಹಿಡಿದರು.

ನಮಸ್ಕಾರ.