ಗ್ರನಾಡಾದ ಬಿಳಿಗೋಡೆಗಳು: ಮನುವೆಲ್ ಆಂಹೆಲೆಸ್ ಓರ್ತಿಸ್ ಅವರ ಅಲ್ಬೈಸಿನ್ ಚಿತ್ರಗಳು

ಆತ್ಮೀಯ ಕೇಳುಗರೇ, ನಮಸ್ಕಾರ.

ಸ್ಪೇನ್ ದೇಶದ ದಕ್ಷಿಣದಲ್ಲಿರುವ ಗ್ರನಾಡಾ ನಗರದಲ್ಲಿ ಎದುರುಬದುರಾಗಿ ಎರಡು ಗುಡ್ಡಗಳಿವೆ. ಒಂದರ ನೆತ್ತಿಯ ಮೇಲೆ ನಸ್ರಿ ವಂಶದ ಸುಲ್ತಾನರು ಕಟ್ಟಿಸಿದ ಅಲ್ಹಾಂಬ್ರಾ ಕೋಟೆ ಮತ್ತು ಅರಮನೆ. ಇನ್ನೊಂದರ ಮೈತುಂಬ ಅಲ್ಬೈಸಿನ್ ಎಂಬ ಹಳೆಯ ಪೇಟೆ. ನಡುವಿನ ಕಣಿವೆಯಲ್ಲಿ ದಾರೋ ಎಂಬ ಪುಟ್ಟ ಹೊಳೆ ಹರಿಯುತ್ತದೆ. ಅಲ್ಹಾಂಬ್ರಾದ ಬುರುಜಿನಿಂದ ಎದುರಿನ ಗುಡ್ಡವನ್ನು ನೋಡಿದರೆ ಅಲ್ಲಿನ ಓಣಿಗಳು ಕಾಣುವುದಿಲ್ಲ, ಅವು ಅಷ್ಟು ಇಕ್ಕಟ್ಟಾಗಿವೆ. ಕಾಣುವುದು ಸುಣ್ಣ ಬಳಿದ ಗೋಡೆಗಳು, ಮಣ್ಣುಬಣ್ಣದ ಹೆಂಚಿನ ಮಾಡುಗಳು, ಮತ್ತು ಕಾರ್ಮೆನ್ ಎಂದು ಕರೆಯುವ ತೋಟದ ಮನೆಗಳ ಆವರಣದೊಳಗಿಂದ ನೆಟ್ಟಗೆ ಮೇಲೆದ್ದ ಸೈಪ್ರೆಸ್ ಮರಗಳು ಮಾತ್ರ. ಒಂದು ಮನೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ತೊಡಗುತ್ತದೆ ಎಂಬುದು ಆ ದೂರದಿಂದ ತಿಳಿಯುವಂತಿಲ್ಲ.

ಇದೇ ಅಲ್ಬೈಸಿನ್ ಪೇಟೆಯನ್ನು ಮನುವೆಲ್ ಆಂಹೆಲೆಸ್ ಓರ್ತಿಸ್ ಎಂಬ ಕಲಾವಿದರು 1950ರ ದಶಕದ ಉತ್ತರಾರ್ಧದಿಂದ ಮತ್ತೆ ಮತ್ತೆ ಚಿತ್ರಿಸಿದರು. ಆ ಚಿತ್ರಮಾಲೆಗೆ ಪೇಟೆಯ ಹೆಸರೇ ಹೆಸರಾಯಿತು. ಇಂದಿನ ಭಾಷಣದಲ್ಲಿ ನಾನು ಆ ಚಿತ್ರಗಳನ್ನು ಕುರಿತು ಮಾತನಾಡುತ್ತೇನೆ. ಇಪ್ಪತ್ತನೆಯ ಶತಮಾನದ ಅಮೂರ್ತ ನಗರಚಿತ್ರಗಳಲ್ಲಿ ಇವುಗಳಿಗೆ ಸಲ್ಲಬೇಕಾದಷ್ಟು ಮನ್ನಣೆ ಸ್ಪೇನಿನ ಹೊರಗೆ ಸಂದಿಲ್ಲವೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಓರ್ತಿಸ್ ಹುಟ್ಟಿದ್ದು 1895ರಲ್ಲಿ, ಹಾಯೆನ್ ಎಂಬ ಊರಿನಲ್ಲಿ, ಬೆಳೆದದ್ದು ಗ್ರನಾಡಾದಲ್ಲಿ. ಕವಿ ಫೆದೆರಿಕೊ ಗಾರ್ಸಿಯಾ ಲೋರ್ಕಾ ಮತ್ತು ಸಂಗೀತಕಾರ ಮನುವೆಲ್ ದೆ ಫಾಯಾ ಅವರ ಆಪ್ತ ವಲಯದಲ್ಲಿ ಇವರೂ ಒಬ್ಬರು. 1922ರ ಜೂನ್ ತಿಂಗಳಲ್ಲಿ ಫಾಯಾ ಮತ್ತು ಲೋರ್ಕಾ ಮುಂದೆ ನಿಂತು ಅಲ್ಹಾಂಬ್ರಾದ ಅಂಗಳದಲ್ಲಿ ದಕ್ಷಿಣ ಸ್ಪೇನಿನ ಆಂಡಲೂಸಿಯಾ ಪ್ರಾಂತದ ಜನಪದ ಗಾಯನದ ಸ್ಪರ್ಧೆಯನ್ನು ನಡೆಸಿದಾಗ, ಅದರ ಭಿತ್ತಿಪತ್ರವನ್ನು ರೂಪಿಸಿದವರಲ್ಲಿ ಓರ್ತಿಸ್ ಇದ್ದರು. ಅದೇ ವರ್ಷ ಅವರು ಪ್ಯಾರಿಸ್‌ಗೆ ಹೋದರು. ಪಿಕಾಸೊ ಸ್ನೇಹ ದೊರೆಯಿತು. ವಸ್ತುವನ್ನು ಸಮತಲಗಳಾಗಿ ಬಿಡಿಸಿ ಮತ್ತೆ ಕಟ್ಟುವ ಘನಾಕೃತಿ ಪಂಥದ ವಿದ್ಯೆ ಅವರಿಗೆ ಒಲಿದದ್ದು ಅಲ್ಲಿಯೇ.

ಮುಂದಿನದು ಸ್ಪೇನಿನ ಒಂದಿಡೀ ತಲೆಮಾರಿನ ಪಾಡು. 1936ರ ಜುಲೈನಲ್ಲಿ ಗಣರಾಜ್ಯ ಸರ್ಕಾರದ ವಿರುದ್ಧ ಸೇನಾ ದಂಗೆ ಎದ್ದು ಅಂತರ್ಯುದ್ಧ ಮೊದಲಾದಾಗ ಗ್ರನಾಡಾ ನಗರ ಬೇಗನೆ ದಂಗೆಕೋರರ ಕೈಸೇರಿತು. ಬಗ್ಗದೆ ಕೆಲವು ದಿನ ಹೋರಾಡಿದ್ದು ಇದೇ ಅಲ್ಬೈಸಿನ್ ಪೇಟೆಯ ಬಡ ದುಡಿಮೆಗಾರರು; ಅವರ ಮನೆಗಳ ಮೇಲೆ ಫಿರಂಗಿ ಗುಂಡುಗಳು ಬಿದ್ದವು. ಆಗಸ್ಟ್‌ನಲ್ಲಿ ಲೋರ್ಕಾ ಅವರನ್ನು ನಗರದ ಹೊರವಲಯದಲ್ಲಿ ಗುಂಡಿಟ್ಟು ಕೊಂದರು. ಗಣರಾಜ್ಯದ ಪರವಾಗಿ ನಿಂತಿದ್ದ ಓರ್ತಿಸ್, ಆ ಪಕ್ಷ ಸೋಲುತ್ತಿದ್ದ 1939ರ ಆರಂಭದಲ್ಲಿ ಫ್ರಾನ್ಸಿನ ಗಡಿ ದಾಟಿದ ಸುಮಾರು 5 ಲಕ್ಷ ನಿರಾಶ್ರಿತರಲ್ಲಿ ಒಬ್ಬರಾದರು. ಸಾಂ ಸಿಪ್ರಿಯಾನ್ ಎಂಬಲ್ಲಿ, ಮುಳ್ಳುತಂತಿ ಬಿಗಿದ ಕಡಲ ಮರಳಿನ ಶಿಬಿರದಲ್ಲಿ ಅವರನ್ನು ಕೂಡಿಹಾಕಲಾಯಿತು. ಅಲ್ಲಿಂದ ಬಿಡಿಸಿಕೊಳ್ಳಲು ನೆರವಾದವರು ಪಿಕಾಸೊ. ಅನಂತರ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಸುಮಾರು ಒಂದು ದಶಕ ಕಳೆಯಿತು. ಆ ದೇಶದ ದಕ್ಷಿಣದ ಪಟಗೋನಿಯಾ ಸೀಮೆಯ ಸರೋವರದ ದಡದಲ್ಲಿ ನೀರು ಸವೆಸಿದ ಮರದ ತುಂಡು ಮತ್ತು ಕಲ್ಲುಗಳನ್ನು ಆರಿಸಿ ತಂದು ಅವರು ಶಿಲ್ಪಗಳನ್ನು ಕಟ್ಟಿದ್ದು ಈ ಕಾಲದಲ್ಲಿ. 1948ರಲ್ಲಿ ಮರಳಿ ಪ್ಯಾರಿಸ್ ಸೇರಿದರು. ದಂಗೆಕೋರರ ನಾಯಕನಾಗಿ ಗೆದ್ದು ಸರ್ವಾಧಿಕಾರಿಯಾದ ಫ್ರಾಂಕೊನ ಆಳ್ವಿಕೆ ಇನ್ನೂ ಇದ್ದಾಗಲೇ, 1950ರ ದಶಕದ ಉತ್ತರಾರ್ಧದಲ್ಲಿ, ಗ್ರನಾಡಾವನ್ನು ಮತ್ತೆ ಕಣ್ಣಾರೆ ಕಾಣುವ ಅವಕಾಶ ಒದಗಿತು.

ಹಾಗೆ ಊರನ್ನು ಕಂಡು ಬಂದ ಮೇಲೆ ಅವರು ಬರೆದ ಚಿತ್ರಗಳಲ್ಲಿ ಏನಿದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮೊದಲ ನೋಟಕ್ಕೆ ಊರೇ ಕಾಣುವುದಿಲ್ಲ. ಓರೆಕೋರೆ ಅಂಚಿನ ಬಣ್ಣದ ತುಣುಕುಗಳು, ಒಂದರ ಪಕ್ಕೆಗೆ ಒಂದು ಒತ್ತಿಕೊಂಡು, ನಮ್ಮ ಉತ್ತರ ಕರ್ನಾಟಕದ ಕೌದಿಯ ಹಾಗೆ ಚಿತ್ರಪಟವನ್ನು ತುಂಬಿರುತ್ತವೆ. ಬಿಳಿ, ಬೂದು, ಕಾವಿಮಣ್ಣು, ಕಪ್ಪು, ಅಲ್ಲಲ್ಲಿ ಹಸಿರು. ಮನುಷ್ಯರಿಲ್ಲ. ಮನೆಯೆಂದು ಗುರುತು ಹಿಡಿಯಲು ನೆರವಾಗುವ ವಿವರಗಳನ್ನೆಲ್ಲ ಕೈಬಿಟ್ಟಿದ್ದಾರೆ. ಆದರೆ ಕಣ್ಣು ಒಂದಿಷ್ಟು ಹೊತ್ತು ಅಲ್ಲಿಯೇ ನೆಲೆಸಿದರೆ, ಒಂದು ಬಿಳಿಯ ತುಣುಕು ಬಿಸಿಲಿಗೆ ಒಡ್ಡಿಕೊಂಡ ಗೋಡೆಯಾಗಿಯೂ ಅದರ ಬದಿಯ ಬೂದು ತುಣುಕು ಅದೇ ಮನೆಯ ನೆರಳು ಬಿದ್ದ ಮಗ್ಗುಲಾಗಿಯೂ ತಿರುಗುತ್ತದೆ. ಮಣ್ಣುಬಣ್ಣದ ಓರೆ ಪಟ್ಟಿ ಮಾಡಿನ ಇಳಿಜಾರಾಗುತ್ತದೆ. ಕಿರಿದಾದ ಕಪ್ಪು ಸಂದು, ಎರಡು ಗೋಡೆಗಳ ನಡುವೆ ಹಾದುಹೋದ ಓಣಿಯಾಗುತ್ತದೆ. ದೂರ ಮತ್ತು ಹತ್ತಿರಗಳ ವ್ಯತ್ಯಾಸ ಮಾತ್ರ ಹುಟ್ಟುವುದಿಲ್ಲ. ಗುಡ್ಡದ ಬುಡದ ಮನೆಗೂ ನೆತ್ತಿಯ ಮನೆಗೂ ಚಿತ್ರದಲ್ಲಿ ಒಂದೇ ತೂಕ.

ಅಮೂರ್ತ ಕಲೆಯೆಂದರೆ ಲೋಕವನ್ನು ಬಿಟ್ಟು ಬಣ್ಣ ಮತ್ತು ಆಕಾರಗಳಲ್ಲಿ ಆಶ್ರಯ ಪಡೆಯುವುದು ಎಂದು ಅನೇಕರು ತಿಳಿದಿದ್ದಾರೆ. ಅಲ್ಬೈಸಿನ್ ಚಿತ್ರಗಳ ಮುಂದೆ ಈ ತಿಳಿವಳಿಕೆ ನಿಲ್ಲಲಾರದು. ಓರ್ತಿಸ್ ಊರನ್ನು ಮರೆಮಾಚಲಿಲ್ಲ. ಊರಿನ ಕಟ್ಟನ್ನೇ ಹಿಡಿದರು. ಎದುರಿನ ಗುಡ್ಡದಿಂದ ನೋಡುವವರಿಗೆ ಆ ಪೇಟೆ ಸಹಜವಾಗಿಯೇ ಸಮತಲಗಳ ಹೆಣಿಗೆಯಾಗಿ ತೋರುತ್ತದೆ ಎಂಬುದನ್ನು ಆಗಲೇ ಹೇಳಿದೆ. ಪ್ಯಾರಿಸ್‌ನಲ್ಲಿ ಕಲಿತ ವಿದ್ಯೆ ಅದಕ್ಕೆ ಭಾಷೆಯನ್ನಷ್ಟೇ ಒದಗಿಸಿತು. ಸುಮಾರು ಎರಡು ದಶಕ ಊರಿನಿಂದ ದೂರವಿದ್ದವನ ನೆನಪಿನಲ್ಲಿ ಯಾವ ಬಾಗಿಲಿಗೆ ಯಾವ ಬಣ್ಣವಿತ್ತು ಎಂಬುದು ಮಾಸಿರಬಹುದು. ಯಾವ ಗೋಡೆಗೆ ಯಾವ ಗೋಡೆ ಆತುಕೊಂಡಿತ್ತು, ಯಾವ ತಿರುವಿನಲ್ಲಿ ಬಿಸಿಲು ಕಡಿದುಹೋಗುತ್ತಿತ್ತು ಎಂಬುದು ಮೈಗೆ ಹತ್ತಿದ ತಿಳಿವಾದ್ದರಿಂದ ಉಳಿದಿರುತ್ತದೆ. ಈ ಚಿತ್ರಗಳು ಅಂಥ ತಿಳಿವಿನಿಂದ ಹುಟ್ಟಿದವು ಎಂದು ನಾನು ನಂಬಿದ್ದೇನೆ. ಸ್ಪೇನಿನ ಸುಂದರ ನೋಟಗಳನ್ನು ಪ್ರವಾಸಿಗರಿಗೆ ಮಾರುತ್ತಿದ್ದ ಆ ಕಾಲದಲ್ಲಿ, ಜಿಪ್ಸಿ ನರ್ತಕಿ, ಗಿಟಾರು, ಹೂಕುಂಡದ ಕಿಟಕಿ, ಯಾವುದೂ ಇಲ್ಲದ ಗ್ರನಾಡಾವನ್ನು ಅವರು ಬರೆದದ್ದು ಸಣ್ಣ ಸಾಹಸವಲ್ಲ.

ಮುಂದಿನ ವರ್ಷಗಳಲ್ಲಿ ಅವರ ಗಮನ ಸೈಪ್ರೆಸ್ ಮರಗಳ ಸಾಲುದಾರಿಯತ್ತ ಹರಿಯಿತು. ಆ ಚಿತ್ರಗಳಲ್ಲಿ ಗೋಡೆಗಳು ಹಿಂದೆ ಸರಿದು, ಲಂಬ ರೇಖೆಗಳ ಲಯ ಮುಂದೆ ಬರುತ್ತದೆ. ಅವು ಚೆಲುವಾಗಿವೆ, ಆದರೆ ಗೋಡೆಗಳ ನಡುವಿನ ಬಿಗಿ ನನಗೆ ಅಲ್ಬೈಸಿನ್ ಮಾಲೆಯಲ್ಲಿಯೇ ಹೆಚ್ಚು ಕಾಣುತ್ತದೆ. 1981ರಲ್ಲಿ, ಪ್ರಜಾಪ್ರಭುತ್ವಕ್ಕೆ ಮರಳಿದ ಸ್ಪೇನ್ ತನ್ನ ರಾಷ್ಟ್ರೀಯ ಕಲಾ ಪ್ರಶಸ್ತಿಯನ್ನು ಓರ್ತಿಸ್ ಅವರಿಗೆ ನೀಡಿತು. ಆಗ ಅವರಿಗೆ 86 ವರ್ಷ. ಮೂರು ವರ್ಷಗಳ ಬಳಿಕ ಅವರು ಪ್ಯಾರಿಸ್‌ನಲ್ಲಿ ತೀರಿಕೊಂಡರು.

ನಮಸ್ಕಾರ.